‘ನಿಮ್ಮದೂ ತಪ್ಪಿದೆ’ ಎಂದು ವಿಮಾ ಕಂಪನಿ ಹೇಳಿದಾಗ

ಕೇಳುಗರಿಗೆ ನಮಸ್ಕಾರ.

ಎದುರಿನಿಂದ ಬಂದ ಲಾರಿ ನಿಮ್ಮ ಕಾರಿಗೆ ಗುದ್ದಿದೆ, ಕಾಲು ಮುರಿದಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದೀರಿ. ಲಾರಿಯ ವಿಮಾ ಕಂಪನಿ ಸಲ್ಲಿಸುವ ಆಕ್ಷೇಪಣೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಅಪಘಾತಕ್ಕೆ ಅರ್ಜಿದಾರರ ನಿರ್ಲಕ್ಷ್ಯವೂ ಕಾರಣ. ವಕೀಲರ ಬಾಯಲ್ಲಿ ಇದು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್. 10 ಲಕ್ಷ ಪರಿಹಾರ ನಿಗದಿಯಾಗಿ, ತಪ್ಪಿನಲ್ಲಿ ನಿಮ್ಮ ಪಾಲು ಶೇಕಡಾ 25 ಎಂದಾದರೆ ಕೈಗೆ ಸಿಗುವುದು ಏಳೂವರೆ ಲಕ್ಷ. ಆ ಒಂದು ಸಾಲಿನ ಬೆಲೆ ಅಷ್ಟು.

ಆದರೆ ಅದು ಬರೀ ವಾದ, ಸಾಕ್ಷ್ಯವಲ್ಲ. ಹೇಳಿದವರೇ ರುಜುವಾತು ಮಾಡಬೇಕು. ಅದಕ್ಕೆ ಲಾರಿ ಚಾಲಕನೋ ಕಣ್ಣಾರೆ ಕಂಡ ಇನ್ನೊಬ್ಬರೋ ಸಾಕ್ಷಿ ನುಡಿಯಬೇಕು. ಎಷ್ಟೋ ಸಲ ಕಂಪನಿ ತನ್ನ ಅಧಿಕಾರಿಯೊಬ್ಬರನ್ನಷ್ಟೇ ಸಾಕ್ಷಿಯಾಗಿ ನಿಲ್ಲಿಸುತ್ತದೆ. ‘ನಾನು ಅಪಘಾತ ನೋಡಿಲ್ಲ’ ಎಂಬ ಮಾತನ್ನು ಪಾಟೀಸವಾಲಿನಲ್ಲಿ ಅವರ ಬಾಯಿಂದಲೇ ಹೊರಡಿಸಬೇಕು. ಚಾಲಕನನ್ನು ಏಕೆ ಕರೆಸಲಿಲ್ಲ ಎಂಬ ಪ್ರಶ್ನೆಯೂ ದಾಖಲಾಗಬೇಕು.

ಇನ್ನು ಪೊಲೀಸರ ಕಾಗದಗಳು. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟ್, ಇವಿಷ್ಟನ್ನೂ ತೆಗೆಸಿಕೊಳ್ಳಿ. ಹಗ್ಗಜಗ್ಗಾಟವೆಲ್ಲ ನಕ್ಷೆಯ ಮೇಲೆಯೇ. ಅದರಲ್ಲಿ ಮೊದಲು ರಸ್ತೆಯ ಅಗಲ ನೋಡಿ, ಆಮೇಲೆ ಡಿಕ್ಕಿಯಾದ ಜಾಗ ಅಂಚಿನಿಂದ ಎಷ್ಟು ದೂರವಿದೆ ಎಂದು ನೋಡಿ. 24 ಅಡಿ ರಸ್ತೆಯಲ್ಲಿ ನಿಮ್ಮ ಎಡ ಅಂಚಿನಿಂದ 8 ಅಡಿ ದೂರದಲ್ಲಿ ಡಿಕ್ಕಿಯಾಗಿದ್ದರೆ, ಎದುರಿನವನು ನಡುಗೆರೆ ದಾಟಿ 4 ಅಡಿ ನಿಮ್ಮ ಕಡೆಗೆ ಬಂದಿದ್ದಾನೆ ಎಂದೇ ಲೆಕ್ಕ.

ಇಲ್ಲೊಂದು ಗೊಂದಲ ಮೇಲಿಂದ ಮೇಲೆ ಆಗುತ್ತದೆ. ವಾಹನ ನಿಂತ ಜಾಗವೇ ಡಿಕ್ಕಿಯಾದ ಜಾಗವಲ್ಲ. ಏಟಿಗೆ ಕಾರು ತಿರುಗುತ್ತದೆ, ಜಾರುತ್ತದೆ. ಒಡೆದ ಗಾಜು, ಉದುರಿದ ಮಣ್ಣು, ಟೈರಿನ ಗುರುತು ಎಲ್ಲಿದ್ದವು ಎಂಬುದು ಹೆಚ್ಚು ಮುಖ್ಯ. ನೇರ ಸಾಕ್ಷ್ಯವಿಲ್ಲದೆ ಮಹಜರಿನಲ್ಲಿ ಕಂಡ ವಾಹನಗಳ ಸ್ಥಾನವೊಂದನ್ನೇ ಹಿಡಿದು ತಪ್ಪು ಹಂಚಲಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಜಿಜು ಕುರುವಿಲಾ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ವಾದ: ಎರಡೂ ವಾಹನಗಳ ಬಲ ಮೂಲೆ ಜಜ್ಜಿದೆ, ಹಾಗಾಗಿ ಇಬ್ಬರೂ ನಡುವಿಗೆ ಬಂದಿದ್ದರು. ಕೇಳಲು ಸರಿ ಎನಿಸುತ್ತದೆ. ಆದರೆ ನಮ್ಮಲ್ಲಿ ಎಡಗಡೆಯ ಸಂಚಾರ. ಎದುರಿನವನೊಬ್ಬನೇ ಗೆರೆ ದಾಟಿದರೂ ಮೊದಲು ತಾಗುವುದು ಬಲ ಮೂಲೆಗಳೇ. ಆ ಜಖಂ ಡಿಕ್ಕಿ ಹೇಗಾಯಿತು ಎಂದು ತೋರಿಸುತ್ತದೆ, ಯಾರ ಪಾಲಿನ ರಸ್ತೆಯಲ್ಲಿ ಎಂದಲ್ಲ.

ಸಿಸಿಟಿವಿ ಇದ್ದರೆ ತಡಮಾಡಬೇಡಿ. ಹಳೆಯದರ ಮೇಲೆ ಹೊಸದು ದಾಖಲಾಗಿ ದೃಶ್ಯ ಅಳಿಸಿಹೋಗುತ್ತದೆ. ಇಂಥ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸಲು ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೊತೆಗೇ ಪಡೆಯಿರಿ.

ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ ಎಂಬುದೂ ಒಂದು ತಕರಾರು. ಅದಕ್ಕೆ ದಂಡ ಬೇರೆ. ಅಷ್ಟರಿಂದಲೇ ಅಪಘಾತದಲ್ಲಿ ಪಾಲು ಬರುವುದಿಲ್ಲ. ಬೈಕಿನಲ್ಲಿ ಮೂವರು ಕೂತಿದ್ದರು ಎಂಬುದಕ್ಕೂ ಇದೇ ಉತ್ತರ. ಆ ತಪ್ಪಿಗೂ ಡಿಕ್ಕಿಗೂ ನೇರ ಸಂಬಂಧ ತೋರಿಸದೆ ಪರಿಹಾರ ಕಡಿತ ಮಾಡಲಾಗದು ಎಂದು 2020ರ ತೀರ್ಪಿದೆ. ಆದರೆ ನೀವು ಮುಂದಿನ ಲಾರಿಗೆ ಅಂಟಿಕೊಂಡಂತೆ ಓಡಿಸುತ್ತಿದ್ದು, ಅದು ಬ್ರೇಕ್ ಹಾಕಿದಾಗ ಹಿಂದಿನಿಂದ ಗುದ್ದಿದ್ದರೆ ಮಾತು ಬೇರೆ. ಅಂತರ ಕಾಯುವ ಹೊಣೆ ಹಿಂದಿನವರದು. ಅಲ್ಲಿ ಗೆಲ್ಲುವುದು ಕಷ್ಟ.

ಕಾರಿನಲ್ಲಿ ಸುಮ್ಮನೆ ಕೂತಿದ್ದ ಪ್ರಯಾಣಿಕರಿಗಂತೂ ಈ ಕಡಿತ ಅನ್ವಯಿಸದು. ಇಬ್ಬರು ಚಾಲಕರದೂ ತಪ್ಪಿದ್ದರೆ ಯಾರೊಬ್ಬರ ಕಡೆಯಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು. ಹಾಗೆಯೇ ನಿಮ್ಮ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಸ್ವಂತ ಕಾರಿನ ರಿಪೇರಿಗೆ ತಪ್ಪಿನ ಪಾಲು ಎಂದು ಹಣ ಮುರಿಯುವಂತಿಲ್ಲ.

ನ್ಯಾಯಮಂಡಳಿಯಲ್ಲೇ ಪೂರ್ತಿ ಹೋರಾಡಿ. ಏಕೆಂದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ ಕಾಲವಿದ್ದರೂ, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. 6 ಲಕ್ಷದ ಪರಿಹಾರದಲ್ಲಿ ಶೇಕಡಾ 15 ಕಡಿತವಾದರೆ ಹೋಗುವುದು 90,000. ಆ ಕಡಿತವೊಂದನ್ನೇ ಪ್ರಶ್ನಿಸಿ ಮೇಲೆ ಹೋಗುವ ದಾರಿ ಅಲ್ಲಿಗೆ ಮುಚ್ಚಿದಂತೆ.

ನಮಸ್ಕಾರ.