ಸೆಟ್ ಅಂದರೆ ಏನು ಸಾರ್?

ಕೇಳುಗರಿಗೆಲ್ಲ ನಮಸ್ಕಾರ. ತೋಟದಲ್ಲಿ ಡ್ರಿಪ್ ಪೈಪು ಸರಿ ಮಾಡುತ್ತಾ ಕೇಳುತ್ತಿರುವವರಿಗೆ, ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಕೊಡುತ್ತಾ ಕೇಳುತ್ತಿರುವವರಿಗೆ, ಪುಸ್ತಕ ಮುಂದೆ ಇಟ್ಟುಕೊಂಡು ಕಿವಿ ಮಾತ್ರ ಈ ಕಡೆ ಕೊಟ್ಟಿರುವ ಮಕ್ಕಳಿಗೂ. ನಾನು ಕೋಲಾರ ಜಿಲ್ಲೆಯ ಹೈಸ್ಕೂಲುಗಳಲ್ಲಿ 34 ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಇಂಗ್ಲಿಷ್ ಕಲಿಯುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಅಂತ ಬಾನುಲಿಯವರು ಅಂದರು. ಹತ್ತು ನಿಮಿಷದಲ್ಲಿ ಇಂಗ್ಲಿಷ್ ಕಲಿಸಲು ನನ್ನಿಂದ ಆಗುವುದಿಲ್ಲ. ಮೂವತ್ತು ದಿನದಲ್ಲಿ ಕಲಿಸುತ್ತೇವೆ ಅಂತ ಬೋರ್ಡು ಹಾಕಿಕೊಂಡವರಿಂದಲೂ ಆಗುವುದಿಲ್ಲ, ಅದು ಬೇರೆ ಮಾತು. ಅದಕ್ಕೇ ಒಂದೇ ಒಂದು ಪದ ತಂದಿದ್ದೇನೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಸೆಟ್.

ಇಷ್ಟೇನಾ ಅನ್ನಬೇಡಿ. ಈ ಪದವನ್ನು ನೀವು ದಿನಾ ಬಳಸುತ್ತೀರಿ. ಹೋಟೆಲಿಗೆ ಹೋದರೆ ಸೆಟ್ ದೋಸೆ. ತೋಟದಲ್ಲಿ ಪಂಪ್‌ಸೆಟ್. ಅದಕ್ಕೇ ಕರೆಂಟ್ ಆಫೀಸಿನವರು ಐಪಿ ಸೆಟ್ ಅನ್ನುತ್ತಾರೆ. ಮದುವೆಗೆ ಒಡವೆ ಸೆಟ್. ಬೆಳಗಿನ ಬಸ್ಸಿಗೆ ಅಲಾರಾಂ ಸೆಟ್. ಗಣಿತದ ಮೇಷ್ಟ್ರು ಗಣ ಅಂತ ಹೇಳಿಕೊಡುತ್ತಾರಲ್ಲ, ಅದೂ ಸೆಟ್. ಅತ್ತೆ ಸೊಸೆಗೆ ಸೆಟ್ ಆಗಲ್ಲ ಅಂತಲೂ ಅನ್ನುತ್ತೀರಿ. ಇದು ಮಾತ್ರ ನಾವೇ ತಯಾರು ಮಾಡಿದ ಅರ್ಥ, ಲಂಡನ್ನಿನಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅಂತ ಒಂದಿದೆ. 1989ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. 20 ದಪ್ಪ ಸಂಪುಟ. ಅಷ್ಟರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಯಾವ ಪದಕ್ಕೆ ಗೊತ್ತಾ? ಪ್ರೀತಿಗಲ್ಲ, ದೇವರಿಗಲ್ಲ. ನಮ್ಮ ಸೆಟ್ಟಿಗೆ. ಕ್ರಿಯಾಪದವಾಗಿಯೇ ಸುಮಾರು 430 ಅರ್ಥ. ವಿವರಿಸಲು 60 ಸಾವಿರ ಪದ ಬೇಕಾಯಿತು. ಈಚೆಗೆ ನಿಘಂಟಿನವರು ಮತ್ತೆ ಪರಿಷ್ಕರಿಸಿದಾಗ ರನ್ ಅನ್ನುವ ಪದ 645 ಅರ್ಥ ಇಟ್ಟುಕೊಂಡು ಮುಂದೆ ಓಡಿಬಿಟ್ಟಿತು. ಓಡಲಿ. ನನಗೆ ಸೆಟ್ಟೇ ಸಾಕು.

ಈಗ ನಮ್ಮ ಮಕ್ಕಳ ನೋಟ್ಸು ತೆಗೆದು ನೋಡಿ. ಎಡಗಡೆ ಸೆಟ್, ನಡುವೆ ಈಕ್ವಲ್ ಗುರುತು, ಬಲಗಡೆ "ಇಡು". ಮುಗಿಯಿತು. ಬಾಯಿಪಾಠ. 34 ವರ್ಷ ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಸ್ವಾಮಿ, ಪದ ಒಂಟಿಯಾಗಿ ಬದುಕುವುದಿಲ್ಲ. ಸೆಟ್ ಅಂದರೆ ಏನು ಅಂತ ಕೇಳಬೇಡಿ. ಏನು ಸೆಟ್ ಅಂತ ಕೇಳಿ. ಯಾವುದರ ಪಕ್ಕ ಕೂತಿದೆ ಅಂತ ನೋಡಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ, ಇದನ್ನೇ ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೂತಿದೆ ಅಂತ ಸುಮ್ನೆ ಹೇಳಲಿಲ್ಲ. ಸಿಟ್ ಅಂದರೆ ಕೂರು. ಸೆಟ್ ಅಂದರೆ ಕೂರಿಸು. ಹುಟ್ಟಿನಲ್ಲಿ ಎರಡೂ ಒಂದೇ ಮನೆಯವು. ನಾವು ಬಾಲಕ್ಕೆ "ಇಸು" ಸೇರಿಸುತ್ತೇವೆ, ಮಲಗು ಮಲಗಿಸು, ಕೂರು ಕೂರಿಸು. ಹಳೆಯ ಇಂಗ್ಲಿಷಿನವರು ಹೊಟ್ಟೆಯೊಳಗಿನ ಸ್ವರ ಬದಲಾಯಿಸುತ್ತಿದ್ದರು. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಮರ ಬೀಳಿಸು. ಸಿಟ್, ಸೆಟ್. ಈಗ ನೋಡಿ ಎಷ್ಟು ಸಲೀಸು. ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಸೆಟ್. ನಾಟಿ ವೈದ್ಯರು ಮುರಿದ ಮೂಳೆ ಕೂರಿಸುತ್ತಾರೆ, ಅದೂ ಸೆಟ್. ದಸರೆಗೆ ಗೊಂಬೆ ಕೂರಿಸುತ್ತೇವೆ, ಅದನ್ನೂ ಸೆಟ್ ಅನ್ನಬಹುದು. ಸಂಜೆ ಸೂರ್ಯ ಅಂತರಗಂಗೆ ಬೆಟ್ಟದ ಹಿಂದೆ ಇಳಿಯುತ್ತಾನಲ್ಲ, ಇಂಗ್ಲಿಷಿನವರ ಕಣ್ಣಿಗೆ ಅವನು ದಿನವೆಲ್ಲ ನಡೆದು ಸುಸ್ತಾಗಿ ಕೂತ.

ದೋಸೆ, ಪಂಪು, ಒಡವೆ, ಗಣ, ಇವುಗಳ ಸೆಟ್ ಮಾತ್ರ ಬೇರೆ ಮನೆತನ. ಅದು ಲ್ಯಾಟಿನ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಪಂಥ ಅನ್ನುವ ಅರ್ಥದ ಸೆಕ್ಟ್ ಅದರ ದಾಯಾದಿ. ಒಟ್ಟಿಗೆ ಇರುವ ಗುಂಪು ಅಂತ ಅರ್ಥ. ಕೂರಿಸು ಒಂದು, ಗುಂಪು ಒಂದು. ಅಷ್ಟೊಂದು ಅರ್ಥಗಳಲ್ಲಿ ನಿಮಗೆ ಬೇಕಾದ್ದೆಲ್ಲ ಈ ಎರಡು ಗೂಡಿಗೆ ಹೋಗುತ್ತವೆ.

ಈಗ ಒಂದು ಕಥೆ ಹೇಳಬೇಕು. ಮುಳಬಾಗಿಲು ಕಡೆ ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದ್ದಾನೆ. ಇಂಗ್ಲಿಷಿನಲ್ಲಿ 36 ತೆಗೆದು ಪಾಸಾದವನು, ಬೇಸಾಯದಲ್ಲಿ ನೂರಕ್ಕೆ ನೂರು. ಒಂದು ವರ್ಷ ಎರಡು ಎಕರೆ ಟೊಮ್ಯಾಟೊ ಹಾಕಿದ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು, ಡ್ರಿಪ್, ಮಲ್ಚಿಂಗ್ ಪೇಪರ್, ಕಡ್ಡಿ ನೆಟ್ಟು ದಾರ ಕಟ್ಟುವ ಕೂಲಿ, ಎಲ್ಲ ಸೇರಿ ಸಾಲದ ಪುಸ್ತಕ ತುಂಬಿತ್ತು. ಯಾರೋ ಹೇಳಿದರು ಅಂತ ಕ್ಯಾಲ್ಸಿಯಂ ಡಬ್ಬಿ ತಂದ. ಯಾವ ಕಂಪನಿಯದು ಅಂತ ಕೇಳಬೇಡಿ. ಡಬ್ಬಿಯ ಜೊತೆ ಒಂದು ಚೀಟಿ, ಪೂರ್ತಿ ಇಂಗ್ಲಿಷ್. ಅದರಲ್ಲಿ ಒಂದು ಸಾಲು: ಅಪ್ಲೈ ಅಟ್ ಫ್ರೂಟ್ ಸೆಟ್.

ಮಗಳು ಪಿಯುಸಿ ಓದುತ್ತಿದ್ದಳು. ಬುದ್ಧಿವಂತೆ. ಡಿಕ್ಷನರಿ ತೆಗೆದಳು. ಸೆಟ್ ಅಂದರೆ ಸಿದ್ಧ ಅಂತ ಒಂದು ಅರ್ಥ ಸಿಕ್ಕಿತು. ಸುಳ್ಳಲ್ಲ, ಹಾಗೂ ಅರ್ಥ ಇದೆ. ಫ್ರೂಟ್ ಅಂದರೆ ಹಣ್ಣು ಅಂತ ಒಂದನೇ ಕ್ಲಾಸಿನಿಂದ ಗೊತ್ತು. "ಹಣ್ಣು ಸಿದ್ಧ ಆದಾಗ ಹೊಡೀಬೇಕಂತೆ ಅಪ್ಪ, ಇನ್ನೂ ಟೈಮಿದೆ" ಅಂದಳು. ಡಬ್ಬಿ ಪಂಪ್‌ಹೌಸಿನ ಗೂಡು ಸೇರಿತು.

ನಾಟಿ ಮಾಡಿ ತಿಂಗಳಾದ ಮೇಲೆ ಹೂವು ಬಂತು. ಹೂವಿನ ಬುಡದಲ್ಲಿ ಪಿಂದೆ ಬಂತು. ಪಿಂದೆ ಗೋಲಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು. ಡಬ್ಬಿ ಗೂಡಿನಲ್ಲೇ ಇತ್ತು. ಒಂದು ದಿನ ನೋಡುತ್ತಾನೆ, ಕಾಯಿಗಳ ತಳ ಕಪ್ಪಗೆ, ಮೆತ್ತಗೆ, ಬೆರಳಿಟ್ಟು ಒತ್ತಿದ ಹಾಗೆ ಒಳಗೆ ಹೋಗಿದೆ. ಒಂದು ಗಿಡ ಅಲ್ಲ, ಸಾಲುಸಾಲೇ. ಅಂಥ ಕಾಯಿ ತುಂಬಿದ ಬಾಕ್ಸನ್ನು ಕೋಲಾರದ ಮಂಡಿಯಲ್ಲಿ ಯಾರು ಕೂಗುತ್ತಾರೆ? 15 ಕೆ.ಜಿ. ಬಾಕ್ಸಿನಲ್ಲಿ ಆರಿಸಿ ಆರಿಸಿ ಅರ್ಧ ಬಿಸಾಡಬೇಕು.

ಒಂದು ಚೀಲ ಕಾಯಿ, ಆ ಚೀಟಿ, ಎರಡನ್ನೂ ಹಿಡಿದುಕೊಂಡು ನನ್ನ ಮನೆಗೆ ಬಂದ. ಕಾಫಿ ಕೊಟ್ಟರೆ ಕುಡಿಯಲಿಲ್ಲ.

"ಸಾರ್, ಇದರಲ್ಲಿ ಏನು ಬರೆದವ್ರೆ ಓದಿ ಹೇಳಿ."

ಓದಿದೆ. "ಕಾಯಿ ಕಚ್ಚುವಾಗ ಹೊಡಿ ಅಂತ ಇದೆಯಲ್ಲೋ."

ಅವನು ನನ್ನನ್ನು ನೋಡಿದ, ಚೀಟಿ ನೋಡಿದ, ಚೀಲ ನೋಡಿದ. "ಕಾಯಿ ಕಚ್ಚೋದು ನನಗೆ ಗೊತ್ತಿಲ್ವಾ ಸಾರ್? ನಮ್ಮಪ್ಪ ತಾತ ಎಲ್ಲ ಅದೇ ಮಾತು ಆಡಿದೋರು. ಹಂಗೇ ಬರೆಯೋಕೆ ಇವರಿಗೇನು ರೋಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಎದ್ದು ಕಾಣುವ ಹಾಗೆ ಬರೆದರೆ ಏನು ಗಂಟು ಹೋಗುತ್ತದೋ!

ನೋಡಿ, ಹೂವಿಗೆ ಪರಾಗ ಸಿಕ್ಕಿ, ಎಸಳು ಒಣಗಿ, ಬುಡದಲ್ಲಿ ಪಿಂದೆ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಫ್ರೂಟ್ ಸೆಟ್. ಉದುರದೆ ತೊಟ್ಟಿನಲ್ಲಿ ಗಟ್ಟಿಯಾಗಿ ಕೂತಿತು ಅಂತ. ಕಾಯಿ ಎಳೆಯದಾಗಿರುವಾಗಲೇ ಅದಕ್ಕೆ ಕ್ಯಾಲ್ಸಿಯಂ ಸಿಗಬೇಕು, ಇಲ್ಲದಿದ್ದರೆ ಹೀಗೆ ತಳ ಕೆಡುತ್ತದೆ. ಕೆಂಪಾದ ಮೇಲೆ ಹೊಡೆದರೆ ಮದುವೆ ಮುಗಿದ ಮೇಲೆ ಚಪ್ಪರ ಹಾಕಿದಂತೆ. ನೀರು ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ ಆದರೂ ತಳ ಕಪ್ಪಾಗುತ್ತದೆ, ಅದನ್ನು ತೋಟಗಾರಿಕೆಯವರು ಇನ್ನೊಂದು ದಿನ ನಿಮಗೆ ಹೇಳಲಿ. ನಾನು ಇಂಗ್ಲಿಷ್ ಮೇಷ್ಟ್ರು, ನನಗೆ ಆ ಚೀಲದಲ್ಲಿ ಕಂಡದ್ದು ಸೆಟ್ ಒಂದೇ. ಆ ಹುಡುಗಿ ಸೆಟ್ ಅಂದರೆ ಏನು ಅಂತ ನೋಡಿದಳು. ಏನು ಸೆಟ್ ಅಂತ ನೋಡಲಿಲ್ಲ. ಫ್ರೂಟ್ ಪಕ್ಕದಲ್ಲೇ ಕೂತಿತ್ತು! ತಪ್ಪು ಅವಳದ್ದಲ್ಲ, ಈಕ್ವಲ್ ಗುರುತು ಹಾಕಿ ಬರೆಸಿದ ನಮ್ಮಂಥವರದ್ದು.

ನಮ್ಮ ಭಾಷೆಯ ಅನುಕೂಲ ನೋಡಿ. ಕಾಯಿ ಕಚ್ಚುತ್ತದೆ. ಮೊಸರು ಹೆಪ್ಪುಗಟ್ಟುತ್ತದೆ. ಸೂರ್ಯ ಮುಳುಗುತ್ತಾನೆ. ಮಳೆ ಹಿಡಿದುಕೊಳ್ಳುತ್ತದೆ. ನಾಲ್ಕಕ್ಕೂ ಬೇರೆ ಬೇರೆ ಮಾತು. ಇಂಗ್ಲಿಷಿನಲ್ಲಿ ನಾಲ್ಕೂ ಸೆಟ್, ಮಳೆಗೆ ಬೇಕಾದರೆ ಪಕ್ಕದಲ್ಲಿ ಒಂದು ಇನ್ ಸೇರಿಸುತ್ತಾರೆ. ಕನ್ನಡ ಬಲ್ಲವರಿಗೆ ಕೆಲಸ ಅರ್ಧ ಮುಗಿದ ಹಾಗೆ. ಕರ್ಡ್ ಸೆಟ್ ಅಂತ ಕಂಡರೆ, ಮೊಸರಿಗೆ ನಮ್ಮಮ್ಮ ಏನನ್ನುತ್ತಾಳೆ ಅಂತ ನೆನೆಸಿಕೊಳ್ಳಿ, ಡಿಕ್ಷನರಿ ಬೇಡ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ. ಸಿಮೆಂಟಿನ ಬಗ್ಗೆ ಹೇಳಬೇಕು ಅಂತಿದ್ದೆ. ಮೇಸ್ತ್ರಿ "ಸೆಟ್ ಆಗಲಿ ಬಿಡಿ ಸಾರ್" ಅನ್ನುತ್ತಾರಲ್ಲ, ಅದು ಬಿಗಿಯುವುದು. ನೀರು ಬಿದ್ದ 30 ನಿಮಿಷದೊಳಗೆ ಸಿಮೆಂಟು ಬಿಗಿಯಲು ಶುರುವಾಗಬಾರದು ಅಂತ ನಿಯಮ ಇದೆ, ಅದಕ್ಕೇ ಜಿಪ್ಸಂ ಬೆರೆಸುತ್ತಾರೆ. ಬಿಗಿದದ್ದೆಲ್ಲ ಗಟ್ಟಿಯಾಯಿತು ಅಂತ ಮಾತ್ರ ಸೆಂಟ್ರಿಂಗ್ ಬಿಚ್ಚಬೇಡಿ. ಸೆಟ್ ಔಟ್ ಅಂದರೆ ಹೊರಡು, ಸೆಟ್ ಬ್ಯಾಕ್ ಅಂದರೆ ಹಿನ್ನಡೆ. ಸೆಟ್ ಅಪ್ ಅಂದರೆ ಏರ್ಪಾಡು ಮಾಡು. ಸೆಟಪ್ಪಿಗೆ ನಮ್ಮ ಊರುಗಳಲ್ಲಿ ಇರುವ ಇನ್ನೊಂದು ಅರ್ಥ ಬಾನುಲಿಯಲ್ಲಿ ಹೇಳುವಂಥದ್ದಲ್ಲ. ಭೂತಕಾಲದ ತಲೆನೋವಿಲ್ಲ: ನಿನ್ನೆಯೂ ಸೆಟ್, ಇವತ್ತೂ ಸೆಟ್. ಮಕ್ಕಳೇ, ಸೆಟೆಡ್ ಅಂತ ಬರೆಯಬೇಡಿ, ದಯವಿಟ್ಟು.

ಆ ಮುಳಬಾಗಿಲಿನವನು ಮೊನ್ನೆ ಫೋನ್ ಮಾಡಿದ್ದ. ಈ ಸಲ ಹೂವು ಉದುರುವ ಹೊತ್ತಿಗೇ ಡಬ್ಬಿ ತೆಗೆದಿದ್ದಾನೆ. ಕಾಯಿ ಚೆನ್ನಾಗಿ ಕಚ್ಚಿದೆಯಂತೆ. ಹೊಸ ಮೋಟಾರಿನ ಸ್ಟಾರ್ಟರ್ ಬಂದಿದೆ, ಅದರ ಪುಸ್ತಕದಲ್ಲಿ "ಡ್ರೈ ರನ್" ಅಂತ ಬರೆದಿದೆ, ಹಾಗಂದರೆ ಏನು ಸಾರ್ ಅಂತ ಕೇಳಿದ. ಬೋರಿನಲ್ಲಿ ನೀರಿಲ್ಲದೆ ಮೋಟಾರು ಸುಮ್ನೆ ತಿರುಗುವುದು ಅಂತ ಹೇಳಿದೆ. "ರನ್ ಅಂದರೆ ಓಡೋದಲ್ವಾ?" ಅಂದ. ಭಾನುವಾರ ಮನೆಗೇ ಬಾ, ಮಗಳನ್ನೂ ಕರೆದುಕೊಂಡು ಬಾ ಅಂದಿದ್ದೇನೆ.

ನಮಸ್ಕಾರ.