ಮೊದಲು ಹೆಸರು ತೆಗೆಸಿ, ಆಮೇಲೆ ಫೈಲ್ ಅಳಿಸಿ

ಕೇಳುಗರೆಲ್ಲರಿಗೆ ನಮಸ್ಕಾರ.

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ಧಾರವಾಡದ ಶಾಲೆಗಳಲ್ಲಿ ಗುಮಾಸ್ತರಾಗಿರುವವರು, ಗದಗದ ಮುದ್ರಣಾಲಯಗಳಲ್ಲಿ ಡಿಟಿಪಿ ಮಾಡುವವರು, ಹಾವೇರಿಯಲ್ಲಿ ಝೆರಾಕ್ಸ್ ಯಂತ್ರ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬಿಕೊಡುವವರು, ಈ ಮಾತು ನಿಮಗಾಗಿ. ನಿಮ್ಮ ಟೇಬಲ್ಲಿನ ಮೇಲೆ ವಿಂಡೋಸ್ ಇರುವ ಒಂದು ಕಂಪ್ಯೂಟರ್ ಇದೆ. ದಿನದ ದುಡಿಮೆ ಅದರ ಮೇಲೇ ನಡೆಯುತ್ತದೆ. ಅದು ಕೈಕೊಟ್ಟ ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೇಡವಾದ ಸಾಫ್ಟ್‌ವೇರ್ ತೆಗೆಯುವಾಗ ಮೊದಲು ನೋಂದಣಿಯಿಂದ ಅದರ ಹೆಸರು ತೆಗೆಸಿ, ಆಮೇಲೆ ಫೈಲ್ ಅಳಿಸಿ.

ಯಾವ ನೋಂದಣಿ ಎಂದು ಕೇಳುತ್ತೀರಿ. ಕಂಪ್ಯೂಟರ್ ಎದುರಿಗಿದ್ದರೆ ಡೆಸ್ಕ್‌ಟಾಪ್ ಮೇಲಿರುವ ರೀಸೈಕಲ್ ಬಿನ್, ಅಂದರೆ ಆ ಕಸದ ಬುಟ್ಟಿಯ ಚಿತ್ರದ ಮೇಲೆ ಮೌಸ್ ಇಟ್ಟು ಬಲಗುಂಡಿ ಒತ್ತಿ. ಬರುವ ಪಟ್ಟಿಯನ್ನು ಸಾವಕಾಶವಾಗಿ ಓದಿ. ಅಲ್ಲಿ ‘ಡಿಲೀಟ್’ ಎಂಬುದು ಇರುವುದಿಲ್ಲ. ಈಗ ಪಕ್ಕದಲ್ಲಿರುವ ಯಾವುದಾದರೂ ಪತ್ರದ ಫೈಲಿನ ಮೇಲೆ ಹಾಗೆಯೇ ಒತ್ತಿ ನೋಡಿ, ‘ಡಿಲೀಟ್’ ಇದೆ. ಎರಡೂ ಐಕಾನ್‌ಗಳೇ, ಎರಡೂ ಅದೇ ಪರದೆಯ ಮೇಲೆ ಕುಳಿತಿವೆ. ಆದರೆ ಪತ್ರ ಡಿಸ್ಕಿನಲ್ಲಿರುವ ಒಂದು ಫೈಲ್. ರೀಸೈಕಲ್ ಬಿನ್ ಹಾಗೆ ಡೆಸ್ಕ್‌ಟಾಪ್ ಮೇಲೆ ತಂದಿಟ್ಟ ಫೈಲ್ ಅಲ್ಲವೇ ಅಲ್ಲ. ಅದು ನೋಂದಣಿಯಾದ ಒಂದು ವರ್ಗ, ಅಂದರೆ ‘ಇದು ಹೀಗೆ ಕಾಣಬೇಕು, ಹೀಗೆ ನಡೆದುಕೊಳ್ಳಬೇಕು’ ಎಂದು ದಾಖಲೆಯಲ್ಲಿ ಬರೆದಿಟ್ಟ ಒಂದು ಬಗೆ. ಕಂಪ್ಯೂಟರ್ ಎದ್ದೊಡನೆ ವಿಂಡೋಸ್ ತನ್ನ ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆಯನ್ನು ತೆರೆದು, ‘ಡೆಸ್ಕ್‌ಟಾಪ್ ಮೇಲೆ ಇಂಥಿಂಥವು ಕಾಣಿಸಬೇಕು’ ಎಂದು ಬರೆದಿರುವುದನ್ನು ಓದಿ ಅವುಗಳನ್ನು ಪರದೆಯ ಮೇಲೆ ತರುತ್ತದೆ. ಇಂಥ ಪ್ರತಿ ವರ್ಗಕ್ಕೂ 32 ಅಂಕಿ-ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ರೀಸೈಕಲ್ ಬಿನ್ನಿನ ಸಂಖ್ಯೆ 645 ಎಫ್ ಎಫ್ 040 ಎಂದು ಆರಂಭವಾಗುತ್ತದೆ. ಹುಬ್ಬಳ್ಳಿಯ ಕಂಪ್ಯೂಟರಿನಲ್ಲಿಯೂ ಅದೇ, ಜಗತ್ತಿನ ಇನ್ನಾವ ಊರಿನ ವಿಂಡೋಸ್‌ನಲ್ಲಿಯೂ ಅದೇ.

ನಮ್ಮ ಭಾಗದವರಿಗೆ ಇದನ್ನು ಹೇಳುವುದು ಸುಲಭ. ಹೊಲದ ಉತಾರ, ಅಂದರೆ ಪಹಣಿ, ನಿಮಗೆ ಗೊತ್ತು. ಹೊಲದಲ್ಲಿ ಈಗ ಯಾರು ಉಳುತ್ತಿದ್ದಾರೆ ಎಂಬುದು ಬೇರೆ, ಉತಾರದಲ್ಲಿ ಯಾರ ಹೆಸರಿದೆ ಎಂಬುದು ಬೇರೆ. ಹೆಸರು ತೆಗೆಸದೆ ಊರು ಬಿಟ್ಟು ಹೋದವನ ಹೆಸರು ಅಲ್ಲಿ ಉಳಿದೇ ಉಳಿಯುತ್ತದೆ. ಸಾಲಕ್ಕೆ ಹೋದಾಗ, ಪಾಲು ಮಾಡುವಾಗ ಅದು ಅಡ್ಡ ಬರುತ್ತದೆ. ಕಂಪ್ಯೂಟರ್ ಕೂಡ ಹೊಲ ನೋಡುವುದಿಲ್ಲ, ಉತಾರ ನೋಡುತ್ತದೆ.

ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ನಡೆಯುವುದೂ ಇದೇ. ಟಿಎಕ್ಸ್‌ಟಿ ಎಂದು ಕೊನೆಯಾಗುವ ಫೈಲ್ ಒಂದಿದೆ ಎಂದುಕೊಳ್ಳಿ. ವಿಂಡೋಸ್ ಆ ಬಾಲವನ್ನು ಹಿಡಿದು ರಿಜಿಸ್ಟ್ರಿಗೆ ಹೋಗುತ್ತದೆ. ಅಲ್ಲಿ ‘ಇದು ಟೆಕ್ಸ್ಟ್‌ಫೈಲ್ ವರ್ಗಕ್ಕೆ ಸೇರಿದ್ದು’ ಎಂದಿರುತ್ತದೆ. ಆ ವರ್ಗದ ಹೆಸರಿನ ಕೆಳಗೆ ‘ಶೆಲ್’, ಅದರೊಳಗೆ ‘ಓಪನ್’, ಅದರೊಳಗೆ ‘ಕಮಾಂಡ್’. ಅಲ್ಲಿ ನೋಟ್‌ಪ್ಯಾಡ್ ಎಲ್ಲಿದೆ ಎಂಬ ವಿಳಾಸ ಬರೆದಿರುತ್ತದೆ. ಆಗ ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಫೈಲಿಗೆ ಯಾವ ಚಿತ್ರ ಹಾಕಬೇಕು, ಬಲಗುಂಡಿ ಒತ್ತಿದರೆ ಪಟ್ಟಿಯಲ್ಲಿ ಏನೇನು ಬರಬೇಕು ಎಂಬುದೂ ಈ ದಾಖಲೆಯಲ್ಲೇ ಇದೆ. ಇಷ್ಟು ತಿಳಿದರೆ ಮುಕ್ಕಾಲು ಪಾಲು ಕಂಪ್ಯೂಟರ್ ತಿಳಿದ ಹಾಗೆ. ನಮ್ಮ ತರಬೇತಿಗಳಲ್ಲಿ ಇದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕಲಿಸುತ್ತಾರೆ ಎಂಬುದು ನನ್ನ ಬಹಳ ದಿನಗಳ ಕೊರಗು.

ಈ ವಿಚಾರ ಎಷ್ಟು ಸುಂದರವಾದದ್ದು ಎಂದು ನನಗೆ ತೋರಿಸಿದ್ದು ಐಬಿಎಂ ಕಂಪನಿಯವರ ಓಎಸ್/2. ಅದೂ ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. 1992ರಲ್ಲಿ ಅದರ 2.0 ಆವೃತ್ತಿ ಬಂತು. ಅದರ ಡೆಸ್ಕ್‌ಟಾಪಿನ ಹೆಸರು ವರ್ಕ್‌ಪ್ಲೇಸ್ ಶೆಲ್. ಅದರಲ್ಲಿ ಪರದೆಯ ಮೇಲಿನ ಪ್ರತಿಯೊಂದೂ, ಫೋಲ್ಡರ್ ಇರಲಿ, ಪ್ರಿಂಟರ್ ಇರಲಿ, ಬೇಡವಾದದ್ದನ್ನು ಅಳಿಸುವ ಶ್ರೆಡರ್ ಇರಲಿ, ಯಾವುದೋ ಒಂದು ವರ್ಗಕ್ಕೆ ಸೇರಿದ ವಸ್ತು. ಎಲ್ಲಕ್ಕೂ ಡಬ್ಲ್ಯುಪಿಆಬ್ಜೆಕ್ಟ್ ಎಂಬ ಒಂದೇ ಮೂಲ. ಅದರಿಂದ ಮೂರು ಕವಲು. ಡಿಸ್ಕಿನಲ್ಲಿ ಫೈಲಾಗಿ ಇರುವ ವಸ್ತುಗಳು ಒಂದು ಕವಲು, ಫೈಲಿಲ್ಲದೆ ದಾಖಲೆಯಲ್ಲಷ್ಟೇ ಇರುವವು ಇನ್ನೊಂದು, ಕಂಪ್ಯೂಟರ್ ಆರಿಸಿದೊಡನೆ ಇಲ್ಲವಾಗುವವು ಮತ್ತೊಂದು. ನೋಂದಣಿಯಾದ ವರ್ಗಗಳ ಪಟ್ಟಿ ಓಎಸ್2 ಡಾಟ್ ಐಎನ್ಐ ಎಂಬ ಫೈಲಿನಲ್ಲಿರುತ್ತಿತ್ತು. ಹೊಸ ವರ್ಗವನ್ನು ಸೇರಿಸಲು ಒಂದು ಆಜ್ಞೆ, ತೆಗೆಯಲು ಒಂದು ಆಜ್ಞೆ, ಹಳೆಯ ವರ್ಗದ ಜಾಗದಲ್ಲಿ ಹೊಸದನ್ನು ಕೂರಿಸಲು ಮತ್ತೊಂದು ಆಜ್ಞೆ. ಹಾಗೆ ಕೂರಿಸಿದರೆ ಹಳೆಯ ವರ್ಗದ ವಸ್ತುಗಳೆಲ್ಲ ಹೊಸ ನಡತೆ ಕಲಿಯುತ್ತಿದ್ದವು! ಇಷ್ಟು ಚೊಕ್ಕವಾದ ಕಟ್ಟಡವನ್ನು ನಾನು ಆಮೇಲೆ ಕಂಡಿಲ್ಲ. ಅದೇ ವರ್ಷ ಬಂದ ವಿಂಡೋಸ್ 3.1ರಲ್ಲೂ ಒಂದು ಪುಟ್ಟ ರಿಜಿಸ್ಟ್ರಿ ಇತ್ತು. ಅದು 1995ರ ಹೊತ್ತಿಗೆ ಬೆಳೆದು ದೊಡ್ಡದಾಯಿತು.

ಈಗ ಗದಗಿನ ಸಂಗತಿ ಹೇಳಲೇಬೇಕು. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಅವಳಿ ಊರು. ಅಲ್ಲಿನ ಒಂದು ಮುದ್ರಣಾಲಯದ ಯಜಮಾನರು ಫೋನ್ ಮಾಡಿದರು. ಅಕ್ಷಯ ತೃತೀಯ ಹತ್ತಿರ ಬಂದಿತ್ತು, ಲಗ್ನಪತ್ರಿಕೆಗಳ ಕಾಲ. “ಸರ್, ಕಂಪ್ಯೂಟರ್ ನಿಂತುಬಿಟ್ಟಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಿದ್ದಾರೆ. ನೀವೊಮ್ಮೆ ಬಂದು ನೋಡಿರಿ” ಎಂದರು. ಫಾರ್ಮ್ಯಾಟ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಮುದ್ರಣಾಲಯದ ಕಂಪ್ಯೂಟರ್ ಎಂದರೆ ವರ್ಷಗಟ್ಟಲೆ ಕೂಡಿಸಿದ ಅಕ್ಷರ ವಿನ್ಯಾಸಗಳು. ಅವೆಲ್ಲ ವಿಂಡೋಸ್ ಜೊತೆಗೆ ಸಿ ಡ್ರೈವಿನಲ್ಲಿ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಹೋದವು. “ಯಾರೂ ಮುಟ್ಟಬೇಡಿ, ಬರುತ್ತೇನೆ” ಎಂದು ಹುಬ್ಬಳ್ಳಿಯಿಂದ ರೈಲು ಹತ್ತಿದೆ.

ಹೋಗಿ ನೋಡಿದರೆ ಕಂಪ್ಯೂಟರ್ ನಿಂತಿರಲೇ ಇಲ್ಲ. ಡೆಸ್ಕ್‌ಟಾಪ್ ಮೂಲೆಯಲ್ಲಿ ಒಂದು ಬಿಳಿ ಕಾಗದದಂತಹ ಐಕಾನ್ ಇತ್ತು. ತೆರೆಯುವುದಿಲ್ಲ, ಅದಕ್ಕೆ ‘ಡಿಲೀಟ್’ ಇಲ್ಲ. ಯಾವ ಫೋಟೋ ಮೇಲೆ ಕ್ಲಿಕ್ ಮಾಡಿದರೂ ‘ಇದನ್ನು ಯಾವುದರಿಂದ ತೆರೆಯಲಿ’ ಎಂಬ ಪ್ರಶ್ನೆ. ಬಲಗುಂಡಿ ಒತ್ತಿದರೆ ನೀಲಿ ಉಂಗುರ ಸುತ್ತುತ್ತಲೇ ಇರುತ್ತಿತ್ತು, ಪಟ್ಟಿ ಬರುವಷ್ಟರಲ್ಲಿ ಯಜಮಾನರು ಒಂದು ಹಾಳೆಯ ಕರಡು ತಿದ್ದಿ ಮುಗಿಸುತ್ತಿದ್ದರು. “ಇತ್ತೀಚೆಗೆ ಏನನ್ನಾದರೂ ಅಳಿಸಿದಿರಾ?” ಎಂದು ಕೇಳಿದೆ. ಅವರ ಮಗ ಮುಂದೆ ಬಂದು, “ಹೌದು ಸರ್, ಹಳೆಯ ಫೋಟೋ ಜೋಡಿಸುವ ಸಾಫ್ಟ್‌ವೇರ್ ಒಂದಿತ್ತು. ಡಿಸ್ಕ್ ತುಂಬಿತ್ತು ಎಂದು ಅದರ ಫೋಲ್ಡರನ್ನೇ ಅಳಿಸಿದೆ. ಒಂದು ಫೈಲ್ ಮಾತ್ರ ‘ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ಬಳಕೆಯಲ್ಲಿದೆ’ ಎಂದಿತು. ಅದನ್ನು ಬಿಟ್ಟೆ” ಎಂದ. ಹುಡುಗ ಚುರುಕು, ಕೆಲಸವಂತ. ಅವನಿಗೆ ಉತಾರದ ವಿಷಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಡೆದದ್ದು ಇಷ್ಟು. ಫೈಲುಗಳು ಹೋದವು, ರಿಜಿಸ್ಟ್ರಿಯಲ್ಲಿ ಹೆಸರು ಉಳಿಯಿತು. ಡೆಸ್ಕ್‌ಟಾಪ್ ಮೇಲೆ ಇಂಥ ವರ್ಗ ಕಾಣಿಸಬೇಕು ಎಂದು ಬರೆದಿದ್ದರಿಂದ ಐಕಾನ್ ಬರುತ್ತಿತ್ತು, ಅದರ ಚಿತ್ರದ ಫೈಲ್ ಇಲ್ಲದ್ದರಿಂದ ಬಿಳಿಯಾಗಿತ್ತು. ಬಲಗುಂಡಿಯ ಪಟ್ಟಿಗೆ ಸೇರಿಕೊಳ್ಳುವ ತುಣುಕೇ ಆ ‘ಬಳಕೆಯಲ್ಲಿರುವ’ ಫೈಲ್. ಪ್ರತಿ ಸಲವೂ ಅದು ಎದ್ದು, ತನ್ನ ಮಿಕ್ಕ ಫೈಲುಗಳನ್ನು ಹುಡುಕಿ, ಸಿಗದೆ ಕಾಯುತ್ತಿತ್ತು. ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಆ ಸಾಫ್ಟ್‌ವೇರಿನ ಹೆಸರು ಇನ್ನೂ ಇತ್ತು, ಅನ್‌ಇನ್‌ಸ್ಟಾಲ್ ಒತ್ತಿದರೆ ‘ಫೈಲ್ ಸಿಗಲಿಲ್ಲ’ ಎಂದಿತು. ತೆಗೆಯುವ ಪ್ರೋಗ್ರಾಮ್ ಕೂಡ ಅದೇ ಫೋಲ್ಡರಿನಲ್ಲಿತ್ತಲ್ಲ, ಅದೂ ಹೋಗಿತ್ತು!

“ಆ ಸಾಫ್ಟ್‌ವೇರಿನ ಸಿ.ಡಿ. ಇದೆಯೇ?” ಎಂದೆ. ಕಾರ್ಡುಗಳ ಮಾದರಿ ಇಟ್ಟ ಡ್ರಾಯರಿನ ತಳದಲ್ಲಿ ಸಿಕ್ಕಿತು. ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿಸಿದೆ. ತೆಗೆಯಲು ಬಂದವರು ಹಾಕುತ್ತಿದ್ದಾರಲ್ಲ ಎಂದು ಹುಡುಗ ಗಾಬರಿಯಾದ. ಕಂಪ್ಯೂಟರ್ ಆರಿಸಿ ಎಬ್ಬಿಸಿದಾಗ ಆ ಬಿಳಿ ಕಾಗದದ ಜಾಗದಲ್ಲಿ ಬಣ್ಣದ ಚಿತ್ರ ಬಂದು ಕುಳಿತಿತ್ತು. ಬಲಗುಂಡಿಯ ಪಟ್ಟಿ ತಟ್ಟನೆ ಬಂತು. ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ವಿಭಾಗದಲ್ಲಿ ಅದರ ಹೆಸರು ಹುಡುಕಿ, ಅನ್‌ಇನ್‌ಸ್ಟಾಲ್ ಒತ್ತಿಸಿದೆ. ಅದು ಮೊದಲು ತನ್ನ ನೋಂದಣಿ ತೆಗೆಯಿತು, ಆಮೇಲೆ ಫೈಲುಗಳನ್ನು ಅಳಿಸಿತು. ಮತ್ತೊಮ್ಮೆ ಆರಿಸಿ ಎಬ್ಬಿಸಿದರೆ ಐಕಾನ್ ಇಲ್ಲ, ಉಂಗುರ ಇಲ್ಲ. ಫೋಟೋ ಮೇಲೆ ಕ್ಲಿಕ್ ಮಾಡಿದಾಗ ಒಮ್ಮೆ ಕೇಳಿತು, ವಿಂಡೋಸ್‌ನ ಫೋಟೋಸ್ ಆಯ್ದು ‘ಯಾವಾಗಲೂ’ ಒತ್ತಿದೆವು. ಅಷ್ಟೇ. ಒಂದು ಅಕ್ಷರ ವಿನ್ಯಾಸವೂ ಹೋಗಲಿಲ್ಲ, ಅಂದಿನ ಲಗ್ನಪತ್ರಿಕೆಗಳು ಅಂದೇ ಅಚ್ಚಾದವು.

ನೋಡಿದಿರಲ್ಲ, ಫೋಲ್ಡರ್ ಅಳಿಸುವುದು ಸಾಫ್ಟ್‌ವೇರ್ ತೆಗೆಯುವುದಲ್ಲ. ಮೊದಲು ಹೆಸರು ತೆಗೆಸಿ, ಆಮೇಲೆ ಫೈಲ್ ಅಳಿಸಿ. ಆಗಲೇ ಅಳಿಸಿಬಿಟ್ಟಿದ್ದರೆ ಅದೇ ಸಾಫ್ಟ್‌ವೇರನ್ನು ಮತ್ತೆ ಹಾಕಿ, ಸರಿಯಾದ ದಾರಿಯಲ್ಲಿ ತೆಗೆಯಿರಿ.

ಸಮಯ ಬಹಳ ಉಳಿದಿಲ್ಲ ಎಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬರೆದುಕೊಂಡು ಬಂದದ್ದು ಇನ್ನೂ ಇದೆ, ಬೇಗ ಹೇಳುತ್ತೇನೆ. ಸಿ.ಡಿ. ಸಿಗದಿದ್ದರೆ ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಸಾಧನ ಇದೆ. ಅದರ ಎಕ್ಸ್‌ಪ್ಲೋರರ್ ಪುಟದಲ್ಲಿ ಬಲಗುಂಡಿಯ ಪಟ್ಟಿಗೆ ಸೇರಿಕೊಂಡವರೆಲ್ಲರ ಹೆಸರು ಬರುತ್ತದೆ. ಫೈಲ್ ಇಲ್ಲದೆ ಹೆಸರು ಮಾತ್ರ ಉಳಿದದ್ದನ್ನು ಅದು ಬಣ್ಣ ಹಚ್ಚಿ ತೋರಿಸುತ್ತದೆ. ಬೇಡವಾದದ್ದರ ಮುಂದಿನ ಗುರುತು ತೆಗೆದರೆ ಸಾಕು, ಬೇಕಾದರೆ ಮತ್ತೆ ಹಾಕಬಹುದು. ಒಂದೇ ಡಿಎಲ್‌ಎಲ್ ಫೈಲಿನ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸುವ ತುಣುಕಿನ, ನೋಂದಣಿ ತೆಗೆಯಲು ರೆಗ್‌ಎಸ್‌ವಿಆರ್32 ಎಂಬ ಆಜ್ಞೆ ಇದೆ, ಆ ಹೆಸರು ಬರೆದ ನಂತರ ಓರೆಗೆರೆ ಮತ್ತು ಯು ಹಾಕಬೇಕು. ಇದನ್ನು ಫೈಲ್ ಇರುವಾಗಲೇ ಮಾಡಬೇಕು, ಏಕೆಂದರೆ ನೋಂದಣಿ ತೆಗೆಯುವ ವಿಧಾನ ಆ ಫೈಲಿನೊಳಗೇ ಇರುತ್ತದೆ.

ರಿಜಿಸ್ಟ್ರಿಯನ್ನು ನೇರವಾಗಿ ತೆರೆಯುವ ರೆಗ್‌ಎಡಿಟ್ ಅನ್ನು ಯೂಟ್ಯೂಬ್ ನೋಡಿ ಮುಟ್ಟಬೇಡಿ. ಅಲ್ಲಿ ಅಳಿಸಿದ್ದು ಯಾವ ಕಸದ ಬುಟ್ಟಿಗೂ ಹೋಗುವುದಿಲ್ಲ. ಮುಟ್ಟಲೇಬೇಕಾದರೆ, ಅಳಿಸಬೇಕೆಂದಿರುವ ಭಾಗದ ಮೇಲೆ ಬಲಗುಂಡಿ ಒತ್ತಿ ‘ಎಕ್ಸ್‌ಪೋರ್ಟ್’ ಆಯ್ದು ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ತಪ್ಪಾದರೆ ಆ ಪ್ರತಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಳಿಸಿದ್ದು ಮರಳಿ ಬರುತ್ತದೆ. ಇನ್ನೊಂದು ವಿಷಯ. ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಬೇರೆ ಬೇರೆ ಹೆಸರಿನಿಂದ ಲಾಗಿನ್ ಆಗುತ್ತಿದ್ದರೆ, ಇಡೀ ಯಂತ್ರಕ್ಕೆ ಒಂದು ನೋಂದಣಿ, ಒಬ್ಬೊಬ್ಬರಿಗೆ ಒಂದೊಂದು ನೋಂದಣಿ ಇರುತ್ತದೆ. ಎರಡರಲ್ಲೂ ಒಂದೇ ವರ್ಗ ಇದ್ದರೆ ಆ ವ್ಯಕ್ತಿಯದ್ದೇ ನಡೆಯುತ್ತದೆ. ಆದ್ದರಿಂದ ಮುಖ್ಯಶಿಕ್ಷಕರ ಲಾಗಿನ್‌ನಲ್ಲಿ ತೆರೆಯುವ ಫೈಲ್ ಗುಮಾಸ್ತರ ಲಾಗಿನ್‌ನಲ್ಲಿ ತೆರೆಯದಿದ್ದರೆ ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ, ಗುಮಾಸ್ತರ ಲಾಗಿನ್‌ನಲ್ಲಿಯೇ ಸೆಟ್ಟಿಂಗ್ಸ್‌ಗೆ ಹೋಗಿ ಡಿಫಾಲ್ಟ್ ಆ್ಯಪ್ಸ್ ಸರಿಪಡಿಸಿ. ಇವತ್ತು ಮಧ್ಯಾಹ್ನ ಪುರುಸೊತ್ತು ಸಿಕ್ಕರೆ ಆ ಆ್ಯಪ್ಸ್ ಪಟ್ಟಿಯನ್ನು ಒಮ್ಮೆ ತೆರೆದು, ವರ್ಷದಿಂದ ಬಳಸದ ಸಾಫ್ಟ್‌ವೇರುಗಳನ್ನು ಅಲ್ಲಿಂದಲೇ ತೆಗೆಯಿರಿ. ನಮಸ್ಕಾರ.