ಬಚ್ಚಲ ಬಾಯ್ಲರ್‌ನಂಥ ಎಂಜಿನ್: ಹಳೆಯ ಫೋರ್ಡ್ ವಿ8 ಇಂದಿಗೂ ಏಕೆ ಬೇಕು?

ನಮಸ್ಕಾರ. ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ, ಬಲವಾದ ಎಂಜಿನ್ ಕೂರಿಸಿ, 'ಹಾಟ್ ರಾಡ್' ಎಂಬ ವೇಗದ ಕಾರು ಕಟ್ಟುವವರ ಕೆಲಸವನ್ನು ನೋಡುತ್ತಾ ಹೋದಂತೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. 345 ಅಶ್ವಶಕ್ತಿಯ ಎಂಜಿನ್ ಇರುವಾಗ, 65 ಅಶ್ವಶಕ್ತಿಯ, ಅದೂ ಕುದಿಯುವುದಕ್ಕೇ ಹೆಸರಾದ 1932ರ ಎಂಜಿನ್ನಿನ ಹಿಂದೆ ಇವರೇಕೆ ಬಿದ್ದಿದ್ದಾರೆ?

ಮೊದಲ ಪಾಠವನ್ನು ಬೇಗ ಮುಗಿಸೋಣ. ಈಗ ಎಲ್ಲರೂ ಕೂರಿಸುವುದು ಜನರಲ್ ಮೋಟಾರ್ಸ್‌ನ ಎಲ್‌ಎಸ್ ಸರಣಿಯ ಎಂಜಿನ್. 1997ರ ಕಾರ್ವೆಟ್ ಕಾರಿನಲ್ಲಿ 5.7 ಲೀಟರ್‌ನ ಎಲ್‌ಎಸ್1 ಆಗಿ ಬಂದ ಇದರ ಒಡಹುಟ್ಟುಗಳು ಮುಂದೆ ಪಿಕಪ್ ಗಾಡಿಗಳಲ್ಲೂ ಓಡಿದ್ದರಿಂದ ಅಲ್ಲಿನ ಗುಜರಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಹಳೆಯ ಕಾರಿಗೆ ಕೂರಿಸಲು ಬೇಕಾದ ಮೌಂಟು, ವೈರಿಂಗುಗಳೂ ಸಿದ್ಧವಾಗಿಯೇ ದೊರೆಯುತ್ತವೆ. ಹಟಮಾರಿಗಳ ಆಯ್ಕೆಯೆಂದರೆ 3.6 ಲೀಟರ್‌ನಿಂದ ಆರಂಭವಾಗಿ ಅಮೆರಿಕದಲ್ಲಿ 1953ರವರೆಗೆ ನಡೆದ ಫೋರ್ಡ್ ಫ್ಲಾಟ್‌ಹೆಡ್ ವಿ8, ಅಂದರೆ ಎಂಟು ಸಿಲಿಂಡರ್‌ಗಳು 'ವಿ' ಆಕಾರದಲ್ಲಿ ಎರಡು ಸಾಲಾಗಿ ನಿಂತ ಎಂಜಿನ್. ಗಾಳಿಯನ್ನು ಒಳಗೆ, ಹೊಗೆಯನ್ನು ಹೊರಗೆ ಬಿಡುವ ಬಾಗಿಲುಗಳಾದ ವಾಲ್ವ್‌ಗಳು ಇದರಲ್ಲಿ ಸಿಲಿಂಡರ್‌ಗಳ ಮೇಲಿರದೆ ಪಕ್ಕದಲ್ಲಿ, ಬ್ಲಾಕ್ ಎಂಬ ಎರಕದ ಒಡಲಿನೊಳಗೇ ಇರುತ್ತವೆ. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ ಎಂಬುದು ಹೆಚ್ಚುಕಡಿಮೆ ಚಪ್ಪಟೆ ಮುಚ್ಚಳವಷ್ಟೇ.

[ಪರದೆಯ ಮೇಲೆ: ಅಡ್ಡ ಸೀಳಿದ ಬ್ಲಾಕಿನ ಚಿತ್ರ]

ಇಲ್ಲಿ ಸ್ವಲ್ಪ ನಿಲ್ಲೋಣ. ವಾಲ್ವ್‌ಗಳು 'ವಿ' ಆಕಾರದ ಒಳಮಗ್ಗುಲಲ್ಲಿವೆ, ಸೈಲೆನ್ಸರ್ ಕೊಳವೆ ಹೊರಮಗ್ಗುಲಲ್ಲಿದೆ. ಹಾಗಾದರೆ ಉರಿದ ಹೊಗೆ ಹೊರಗೆ ಬರುವುದು ಹೇಗೆ? ಸಿಲಿಂಡರ್‌ಗಳ ನಡುವೆ, ತಂಪಾಗಿರಬೇಕಾದ ನೀರಿನ ಮಧ್ಯದಲ್ಲೇ ನುಸುಳಿಕೊಂಡು ಬರುತ್ತದೆ. ಮೈಸೂರು, ಬೆಂಗಳೂರಿನ ಹಳೆಯ ಮನೆಗಳ ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗೆ ತೆಂಗಿನ ಗರಟೆಯ ಉರಿ, ನಟ್ಟನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು: ಹೊಗೆ ಹೊರಗೆ ಹೋಗುವ ದಾರಿಯಲ್ಲೇ ತನ್ನ ಬಿಸಿಯನ್ನೆಲ್ಲ ನೀರಿಗೆ ಕೊಟ್ಟು ಹೋಗಲಿ ಎಂಬುದು ಆ ಬಾಯ್ಲರ್ ಮಾಡಿದವನ ಜಾಣತನ. ಅದೇ ಏರ್ಪಾಟನ್ನು ಫೋರ್ಡ್‌ನವರು ಕಾರಿನೊಳಗೆ ಇಟ್ಟರು, ಆಮೇಲೆ ರೇಡಿಯೇಟರ್ ಕುದಿಯುತ್ತದಲ್ಲ ಎಂದು ತಲೆ ಕೆಡಿಸಿಕೊಂಡರು! ಸಾಲದೆಂಬಂತೆ ಆರಂಭದ ವರ್ಷಗಳಲ್ಲಿ ನೀರಿನ ಪಂಪುಗಳು ಹೆಡ್‌ಗಳ ತುದಿಯಲ್ಲಿದ್ದು ಕಾದ ನೀರನ್ನೇ ಎಳೆಯುತ್ತಿದ್ದವು. 1937ರಲ್ಲಿ ಅವುಗಳನ್ನು ಬ್ಲಾಕಿನ ಮುಂಭಾಗಕ್ಕೆ ಇಳಿಸಿ, ತಣ್ಣೀರನ್ನು ಒಳಗೆ ತಳ್ಳುವಂತೆ ಮಾಡಿದರು.

ಇಷ್ಟು ದೋಷವಿರುವ ಎಂಜಿನ್ನನ್ನು ಇಂದು ಕಟ್ಟುವವರು ಮೊದಲು ಮಾಡುವ ಕೆಲಸವೇ ವಿಚಿತ್ರ. ಬ್ಲಾಕನ್ನು ತಲೆಕೆಳಗು ಮಾಡಿ, ನೀರಿನ ದಾರಿಗಳೊಳಗೆ ಕಬ್ಬಿಣದ ಕಡ್ಡಿ ತೂರಿಸಿ, ಎಂಟು ದಶಕಗಳ ತುಕ್ಕಿನ ಜೊತೆಗೆ ಎರಕ ಹೊಯ್ದ ದಿನದಿಂದ ಅಲ್ಲೇ ಉಳಿದ ಮರಳನ್ನು ಕೆರೆದು ಉದುರಿಸುತ್ತಾರೆ. ಬಳಿಕ ಬ್ಲಾಕನ್ನು ಕಾಂತಗೊಳಿಸಿ ಕಬ್ಬಿಣದ ಪುಡಿ ಚಿಮುಕಿಸಿದರೆ, ಬಿರುಕಿದ್ದಲ್ಲಿ ಪುಡಿ ಗೆರೆಗಟ್ಟಿ ನಿಲ್ಲುತ್ತದೆ. ವಾಲ್ವ್ ಕೂರುವ ಜಾಗದಿಂದ ಸಿಲಿಂಡರ್‌ವರೆಗೆ ಆ ಗೆರೆ ಓಡಿದ್ದರೆ ಬೇರೆ ಬ್ಲಾಕನ್ನು ಹುಡುಕುವುದೇ ಮೇಲು. ನನಗನ್ನಿಸುವಂತೆ ಇವರಿಗೆ ಬೇಕಾಗಿರುವುದು ಇದೇ ಒದ್ದಾಟ: ಎಲ್‌ಎಸ್‌ನ ಬಹುಪಾಲು ತೊಡಕುಗಳನ್ನು ಬೇರೆಯವರು ಆಗಲೇ ಬಿಡಿಸಿ ಡಬ್ಬಿಯಲ್ಲಿಟ್ಟು ಮಾರುತ್ತಿದ್ದಾರೆ, ಇಲ್ಲಿ ಪ್ರತಿಯೊಂದಕ್ಕೂ ತಾವೇ ಕೈಹಾಕಬೇಕು. ದಿನವೂ ಕಚೇರಿಗೆ ಹೋಗಿಬರಲು ಕಾರು ಬೇಕಾದವರಿಗೆ ಮಾತ್ರ ನಾನು ಎಲ್‌ಎಸ್ ಅನ್ನೇ ಹೇಳುತ್ತೇನೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದು ಒಂದೇ ಉಸಿರಿನಲ್ಲಿ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಪ್ರಮಾಣ, ಹೆಚ್ಚಿಸಿದರೆ ಗಾಳಿ ನುಗ್ಗುವ ಸಂದು ಕಿರಿದಾಗುತ್ತದೆ, ಆದ್ದರಿಂದ ಈ ಎಂಜಿನ್ನಿನ ಶಕ್ತಿಗೆ ಒಂದು ಮಿತಿಯುಂಟು. ಆ ಮಿತಿಯನ್ನು ಮುರಿಯಲು ವಾಲ್ವ್‌ಗಳನ್ನು ಮೇಲಕ್ಕೇರಿಸಿದ 'ಆರ್ಡನ್' ಹೆಡ್‌ಗಳನ್ನು 1940ರ ದಶಕದಲ್ಲಿ ತಂದವರು ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್. ತಮಾಷೆಯೆಂದರೆ, ಫೋರ್ಡ್ ಎಂಜಿನ್ನನ್ನು ಹೀಗೆ ತಿದ್ದಿದ ಇವರೇ 1953ರಲ್ಲಿ ಜನರಲ್ ಮೋಟಾರ್ಸ್ ಸೇರಿ, ಮುಂದೆ ಎಲ್‌ಎಸ್ ಹುಟ್ಟಿದ ಅದೇ ಕಾರ್ವೆಟ್‌ನ ಹೆಸರಿನ ಜೊತೆ ಸೇರಿಹೋದರು.

ಕೊನೆಯದಾಗಿ ಸದ್ದು. ಪ್ರತಿ ಬದಿಯ ನಾಲ್ಕು ಸಿಲಿಂಡರ್‌ಗಳಿಗೆ ಹೊಗೆಯ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರ್‌ಗಳ ಹೊಗೆ ಬ್ಲಾಕಿನೊಳಗೇ ಕೂಡಿ ಒಂದೇ ಬಾಯಿಯಿಂದ ಹೊರಬೀಳುತ್ತದೆ. ಹೆಡ್‌ಫೋನ್ ಇದ್ದವರು ಹಾಕಿಕೊಳ್ಳಿ; ಉಳಿದ ಇಪ್ಪತ್ತು ಸೆಕೆಂಡು ನಾನು ಮಾತನಾಡುವುದಿಲ್ಲ.

[ಫ್ಲಾಟ್‌ಹೆಡ್ ಚಾಲೂ ಆಗುವ ಸದ್ದು]